ವಿಶ್ವವಿಸ್ಮಯವೂ ಜೀವದ ಸಂಭವವೂ

ಬೇಸಿಗೆಯ ರಾತ್ರಿ ಮನೆಯ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಮಲಗಿದ ಬಾಲಕನು ಆಕಾಶದತ್ತ ಮುಖ ಮಾಡಿ ಹಿರಿಯರನ್ನು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಅಲ್ಲಿರುವ ಚುಕ್ಕೆಗಳು ಎಷ್ಟು ಎಂಬುದು ಒಂದು. ಅಲ್ಲಿಯೂ ಇಲ್ಲಿಯಂತೆ ಯಾರಾದರೂ ಇದ್ದಾರೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಎಣಿಸಲಾಗದಷ್ಟು ಎಂಬ ಉತ್ತರ ದೊರೆಯುತ್ತದೆ. ಎರಡನೆಯದಕ್ಕೆ ದೊರೆಯುವ ಉತ್ತರ ಸುಮ್ಮನೆ ಮಲಗು ಎಂಬುದು. ಮರುದಿನ ಅದೇ ಪ್ರಶ್ನೆಯನ್ನು ಅವನು ಶಾಲೆಗೆ ಒಯ್ದರೆ, ಅದು ಪಾಠದಲ್ಲಿಲ್ಲ, ಪರೀಕ್ಷೆಗೂ ಬರುವುದಿಲ್ಲ ಎಂಬ ಮಾತು ಕೇಳಿಬರುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ಬಾಲಕನು ಕೇಳುವುದನ್ನೇ ಬಿಡುತ್ತಾನೆ. ಮಾನವಕುಲದ ಅತ್ಯಂತ ಹಳೆಯ ಕುತೂಹಲಗಳಲ್ಲಿ ಒಂದು ಹೀಗೆ ಒಂದೊಂದು ಮನೆಯಲ್ಲಿಯೂ ಒಂದೊಂದು ತರಗತಿಯಲ್ಲಿಯೂ ಸದ್ದಿಲ್ಲದೆ ನಂದಿಹೋಗುತ್ತದೆ.

ವಿಚಾರಿಸಿ ನೋಡಿದರೆ ಆ ಎರಡು ಉತ್ತರಗಳೂ ಸರಿಯಲ್ಲ. ಮೋಡವಿಲ್ಲದ ಅಮಾವಾಸ್ಯೆಯ ರಾತ್ರಿ, ದೀಪಗಳ ಬೆಳಕು ತಾಕದ ಬಯಲಿನಲ್ಲಿ ನಿಂತವನ ಬರಿಗಣ್ಣಿಗೆ ಒಂದು ಸಲಕ್ಕೆ ಕಾಣುವ ನಕ್ಷತ್ರಗಳು ಎರಡರಿಂದ ಮೂರು ಸಾವಿರ ಮಾತ್ರ. ತಾಳ್ಮೆಯುಳ್ಳವನು ಅವನ್ನು ಎಣಿಸಬಲ್ಲನು. ಎರಡನೆಯ ಪ್ರಶ್ನೆಯಂತೂ ಬಾಲಿಶವಾದುದಲ್ಲ. ಕಳೆದ 60 ವರ್ಷಗಳಿಗೂ ಮಿಕ್ಕಿದ ಕಾಲದಿಂದ ಜಗತ್ತಿನ ಮೇಧಾವಿಗಳಾದ ವಿಜ್ಞಾನಿಗಳು ಅದರ ಬೆನ್ನು ಹತ್ತಿದ್ದಾರೆ. ಬೃಹತ್ತಾದ ಉಪಕರಣಗಳನ್ನು ನಿರ್ಮಿಸಿದ್ದಾರೆ. ಮಂಗಳನ ಮಣ್ಣನ್ನು ಕೆದಕಿದ್ದಾರೆ. ಆದರೂ ಉತ್ತರ ಇನ್ನೂ ದೊರೆತಿಲ್ಲ. ಉತ್ತರ ದೊರೆತಿಲ್ಲವೆಂಬ ಕಾರಣದಿಂದಲೇ ಆ ಪ್ರಶ್ನೆಗೆ ಶಾಲೆಯಲ್ಲಿ ಗೌರವದ ಸ್ಥಾನವಿರಬೇಕೆಂಬುದು ಇಲ್ಲಿ ಪ್ರತಿಪಾದಿಸಬೇಕಾದ ಮಾತು. ಅದಕ್ಕೆ ಮುನ್ನ, ಈ ವಿಷಯದಲ್ಲಿ ತಿಳಿದಿರುವುದು ಎಷ್ಟು, ತಿಳಿಯದಿರುವುದು ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ನೋಡುವುದು ಅಗತ್ಯ.

ಮೊದಲು ವಿಶ್ವದ ಅಳತೆಯನ್ನು ನೋಡಬಹುದು. ಬೆಳಕು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಚಲಿಸುತ್ತದೆ. 15 ಕೋಟಿ ಕಿಲೋಮೀಟರು ದೂರದ ಸೂರ್ಯನಿಂದ ಭೂಮಿಗೆ ಬರಲು ಅದಕ್ಕೆ 8 ನಿಮಿಷ 20 ಸೆಕೆಂಡು ಸಾಕು. ಸೂರ್ಯನನ್ನು ಬಿಟ್ಟರೆ ಅತ್ಯಂತ ಸಮೀಪದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿಯಿಂದ ಹೊರಟ ಬೆಳಕು ಇಲ್ಲಿಗೆ ಮುಟ್ಟಲು ನಾಲ್ಕು ವರ್ಷಗಳ ಮೇಲೆ ಹಿಡಿಯುತ್ತದೆ. ಸೂರ್ಯನೂ ಒಂದು ಸದಸ್ಯನಾಗಿರುವ ಆಕಾಶಗಂಗೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಲು ಬೆಳಕಿಗೆ ಸುಮಾರು 1 ಲಕ್ಷ ವರ್ಷ ಬೇಕು. ಇದೊಂದರಲ್ಲಿಯೇ ಕಡಿಮೆಯೆಂದರೂ 10,000 ಕೋಟಿ ನಕ್ಷತ್ರಗಳಿವೆ. ಇಂತಹ ನಕ್ಷತ್ರಲೋಕಗಳು ಇನ್ನೂ ಇವೆಯೆಂಬುದನ್ನು 1920ರ ದಶಕದಲ್ಲಿ ಎಡ್ವಿನ್ ಹಬಲ್ ಎಂಬ ಖಗೋಳಶಾಸ್ತ್ರಜ್ಞನು ಸ್ಥಾಪಿಸಿದನು. ದೀಪಾವಳಿಯ ಸುಮಾರಿನ ಕತ್ತಲೆಯ ರಾತ್ರಿಗಳಲ್ಲಿ ಮೇಲುಗಡೆ ಸಣ್ಣ ಮಂಜಿನ ಮಚ್ಚೆಯಂತೆ ಬರಿಗಣ್ಣಿಗೂ ಕಾಣುವ ಆಂಡ್ರೊಮಿಡಾ ಅಂತಹುದೊಂದು ನಕ್ಷತ್ರಲೋಕ. ಇಂದು ಕಣ್ಣಿಗೆ ಬೀಳುವ ಅದರ ಬೆಳಕು ಅಲ್ಲಿಂದ ಹೊರಟದ್ದು ಸುಮಾರು 25 ಲಕ್ಷ ವರ್ಷಗಳ ಹಿಂದೆ, ಮನುಷ್ಯನ ಪೂರ್ವಜರು ಕಲ್ಲನ್ನು ಒಡೆದು ಆಯುಧ ಮಾಡಲು ಕಲಿಯುತ್ತಿದ್ದ ಕಾಲದಲ್ಲಿ. ವಿಶ್ವದ ವಯಸ್ಸಾದರೋ ಸುಮಾರು 1380 ಕೋಟಿ ವರ್ಷ.

ಈ ಅಂಕಿಗಳು ಮನಸ್ಸನ್ನು ಬೆರಗುಗೊಳಿಸುವುದು ಸಹಜ. ಆದರೆ ಇವುಗಳಿಗಿಂತ ಹೆಚ್ಚಿನ ವಿಸ್ಮಯದ ಸಂಗತಿ ಬೇರೊಂದಿದೆ. ಅಷ್ಟು ದೂರದ ನಕ್ಷತ್ರಗಳೂ ಇಲ್ಲಿನ ಕಲ್ಲು, ಮಣ್ಣು, ನೀರು, ದೇಹಗಳೂ ಒಂದೇ ಬಗೆಯ ಮೂಲವಸ್ತುಗಳಿಂದಾಗಿವೆ. ನಕ್ಷತ್ರದ ಬೆಳಕನ್ನು ಒಡೆದು ಅದರೊಳಗಿನ ದ್ರವ್ಯವನ್ನು ಓದುವ ವಿದ್ಯೆಗೆ ಭದ್ರವಾದ ತಳಹದಿ ಹಾಕಿದವರಲ್ಲಿ ಭಾರತದ ಮೇಘನಾದ ಸಹಾ ಪ್ರಮುಖರು. 1920ರಲ್ಲಿ ಅವರು ಕೊಟ್ಟ ಸೂತ್ರವನ್ನು ಬಳಸಿ 1925ರಲ್ಲಿ ಸಿಸಿಲಿಯಾ ಪೇನ್ ಎಂಬ ತರುಣ ವಿದುಷಿ ನಕ್ಷತ್ರಗಳಲ್ಲಿ ಜಲಜನಕ ಮತ್ತು ಹೀಲಿಯಂ ಇವೆರಡೇ ಬಹುಪಾಲೆಂದು ತೋರಿಸಿದರು. ಇಂಗಾಲ, ಆಮ್ಲಜನಕ, ಕಬ್ಬಿಣ ಮೊದಲಾದ ಭಾರವಾದ ಧಾತುಗಳು ನಕ್ಷತ್ರಗಳ ಒಡಲಿನಲ್ಲಿ ಬೆಂದು ಸಿದ್ಧವಾಗುತ್ತವೆಂಬುದನ್ನು 1957ರಲ್ಲಿ ಬರ್ಬಿಜ್ ದಂಪತಿಗಳು, ಫೌಲರ್ ಮತ್ತು ಹಾಯ್ಲ್ ಸೇರಿ ವಿವರಿಸಿದರು. ಮನುಷ್ಯನ ರಕ್ತಕ್ಕೆ ಕೆಂಪು ಕೊಟ್ಟಿರುವ ಕಬ್ಬಿಣವು ಸೂರ್ಯನು ಹುಟ್ಟುವುದಕ್ಕೂ ಮೊದಲೇ ಅಳಿದುಹೋದ ನಕ್ಷತ್ರಗಳಿಂದ ಬಂದದ್ದು.

ಹೀಗಿರುವಲ್ಲಿ ಜೀವಕ್ಕೆ ಬೇಕಾದ ಕಚ್ಚಾ ಸಾಮಗ್ರಿಯು ಭೂಮಿಯ ಗುತ್ತಿಗೆಯಲ್ಲವೆಂಬುದು ಸ್ಪಷ್ಟ. 1953ರಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಎಂಬ ವಿದ್ಯಾರ್ಥಿಯು ಹೆರಾಲ್ಡ್ ಯೂರಿಯವರ ಮಾರ್ಗದರ್ಶನದಲ್ಲಿ ಮಾಡಿದ ಪ್ರಯೋಗವೊಂದು ಪ್ರಕಟವಾಯಿತು. ಗಾಜಿನ ಪಾತ್ರೆಯಲ್ಲಿ ನೀರಿನ ಆವಿ, ಮೀಥೇನ್, ಅಮೋನಿಯಾ, ಜಲಜನಕಗಳನ್ನು ಸೇರಿಸಿ ಮಿಂಚಿನ ಬದಲಿಗೆ ವಿದ್ಯುತ್ ಕಿಡಿ ಹಾಯಿಸಿದಾಗ ಕೆಲವೇ ದಿನಗಳಲ್ಲಿ ಅಮೈನೋ ಆಮ್ಲಗಳು ದೊರೆತವು. 1969ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಎಂಬಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿಯೂ ಅಮೈನೋ ಆಮ್ಲಗಳಿದ್ದವು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ಅಮೆರಿಕದ ನೌಕೆಯೊಂದು ತಂದ ಮಣ್ಣನ್ನು ಪರೀಕ್ಷಿಸಿದಾಗ, ಭೂಮಿಯ ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿವೆಯೆಂದು 2025ರ ಜನವರಿಯಲ್ಲಿ ವರದಿಯಾಯಿತು.

ಆದರೆ ಕಲ್ಲು, ಸುಣ್ಣ, ಮರಳುಗಳ ರಾಶಿ ಮನೆಯಲ್ಲ. ಸಾಮಗ್ರಿ ಎಲ್ಲೆಡೆ ಬಿದ್ದಿದೆಯೆಂದ ಮಾತ್ರಕ್ಕೆ ಎಲ್ಲೆಡೆ ಮನೆ ಎದ್ದಿದೆಯೆಂದು ಹೇಳಲಾಗದು. ಮಿಲ್ಲರನ ಪ್ರಯೋಗ ಪ್ರಕಟವಾಗಿ 70 ವರ್ಷಗಳು ಮೀರಿದರೂ ಜೀವವಿಲ್ಲದ ದ್ರವ್ಯಗಳಿಂದಲೇ ಆರಂಭಿಸಿ ಜೀವಂತವಾದ ಒಂದು ಕೋಶವನ್ನು ಯಾವ ಪ್ರಯೋಗಶಾಲೆಯೂ ಸೃಷ್ಟಿಸಿಲ್ಲ. ಜಡವು ಜೀವವಾದ ಆ ಹೆಜ್ಜೆ ಸುಲಭದ್ದೋ, ಕೋಟಿಗೊಮ್ಮೆ ಒದಗುವಂತಹುದೋ ಎಂಬುದು ಇಂದಿಗೂ ತಿಳಿಯದು. ವಿಶ್ವದಲ್ಲಿ ಜೀವದ ಸಂಭವವೆಷ್ಟು ಎಂಬ ಪ್ರಶ್ನೆಯ ನಿಜವಾದ ಗಂಟು ಇರುವುದು ಇಲ್ಲಿಯೇ.

ಈ ಗಂಟನ್ನು ಎಳೆ ಎಳೆಯಾಗಿ ಬಿಡಿಸಿ ತೋರಿಸಿದವನು ಫ್ರಾಂಕ್ ಡ್ರೇಕ್ ಎಂಬ ಅಮೆರಿಕದ ಖಗೋಳವಿಜ್ಞಾನಿ. 1960ರಲ್ಲಿ ಅವನು ಪಶ್ಚಿಮ ವರ್ಜೀನಿಯಾ ಪ್ರಾಂತದ ಗ್ರೀನ್ ಬ್ಯಾಂಕ್ ಎಂಬಲ್ಲಿ 26 ಮೀಟರು ಅಗಲದ ರೇಡಿಯೋ ದೂರದರ್ಶಕವನ್ನು ಸೂರ್ಯನನ್ನು ಹೋಲುವ ಎರಡು ಸಮೀಪದ ನಕ್ಷತ್ರಗಳತ್ತ ತಿರುಗಿಸಿ, ಅಲ್ಲಿಂದ ಬುದ್ಧಿಯುಳ್ಳವರ ಸಂಕೇತವೇನಾದರೂ ಬಂದೀತೇ ಎಂದು ಕಿವಿಯಿಟ್ಟು ಕೇಳಿದನು. ಏನೂ ಕೇಳಿಸಲಿಲ್ಲ. ಮರುವರ್ಷ, ಎಂದರೆ 1961ರಲ್ಲಿ, ಅದೇ ಸ್ಥಳದಲ್ಲಿ ಸೇರಿದ ಸಣ್ಣದೊಂದು ವಿದ್ವಾಂಸರ ಸಭೆಯ ಚರ್ಚೆಗಾಗಿ ಅವನು ಕಪ್ಪುಹಲಗೆಯ ಮೇಲೆ ಬರೆಯಬಹುದಾದಷ್ಟು ಸರಳವಾದ ಒಂದು ಸಮೀಕರಣವನ್ನು ಸಿದ್ಧಪಡಿಸಿದನು. ಅದರಲ್ಲಿ ಏಳು ಸಂಖ್ಯೆಗಳಿವೆ. ಆಕಾಶಗಂಗೆಯಲ್ಲಿ ವರ್ಷಕ್ಕೆ ಎಷ್ಟು ನಕ್ಷತ್ರಗಳು ಹುಟ್ಟುತ್ತವೆ. ಅವುಗಳಲ್ಲಿ ಎಷ್ಟಕ್ಕೆ ಗ್ರಹಗಳಿವೆ. ಅಂತಹ ಒಂದೊಂದು ನಕ್ಷತ್ರದ ಸುತ್ತ ಜೀವಕ್ಕೆ ಅನುಕೂಲವಾದ ಗ್ರಹಗಳೆಷ್ಟು. ಅವುಗಳಲ್ಲಿ ಎಷ್ಟರಲ್ಲಿ ಜೀವ ಹುಟ್ಟುತ್ತದೆ. ಹುಟ್ಟಿದ ಕಡೆಗಳಲ್ಲಿ ಎಷ್ಟರಲ್ಲಿ ಅದು ಬುದ್ಧಿಶಕ್ತಿಯವರೆಗೆ ಬೆಳೆಯುತ್ತದೆ. ಹಾಗೆ ಬೆಳೆದವರಲ್ಲಿ ಎಷ್ಟು ಮಂದಿ ದೂರಕ್ಕೆ ಸಂಕೇತ ಕಳಿಸಬಲ್ಲ ನಾಗರಿಕತೆಯನ್ನು ಕಟ್ಟುತ್ತಾರೆ. ಕೊನೆಯದಾಗಿ, ಅಂತಹ ನಾಗರಿಕತೆ ಎಷ್ಟು ವರ್ಷ ಬಾಳುತ್ತದೆ. ಈ ಏಳನ್ನೂ ಗುಣಿಸಿದರೆ, ಇಂದು ಸಂಕೇತ ಕಳಿಸುತ್ತಿರಬಹುದಾದ ನಾಗರಿಕತೆಗಳ ಸಂಖ್ಯೆ ದೊರೆಯಬೇಕು.

1961ರಲ್ಲಿ ಈ ಏಳರಲ್ಲಿ ಮೊದಲನೆಯದೊಂದು ಮಾತ್ರ ಸುಮಾರಾಗಿ ತಿಳಿದಿತ್ತು. ಸೂರ್ಯನಂತಹ ಬೇರೆ ನಕ್ಷತ್ರಕ್ಕೆ ಗ್ರಹವಿದೆಯೆಂಬುದೂ ಆಗ ಊಹೆಯೇ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೋ ಎಂಬ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅಂತಹ ಮೊದಲ ಗ್ರಹವನ್ನು ಪತ್ತೆಮಾಡಿದರು. ಅದಕ್ಕಾಗಿ 2019ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. 2009ರಿಂದ 2018ರವರೆಗೆ ಬಾಹ್ಯಾಕಾಶದಲ್ಲಿ ದುಡಿದ ಕೆಪ್ಲರ್ ದೂರದರ್ಶಕವೊಂದೇ ಎರಡೂವರೆ ಸಾವಿರಕ್ಕೂ ಹೆಚ್ಚು ಗ್ರಹಗಳನ್ನು ಕಂಡಿತು. ಹೀಗೆ ಖಚಿತವಾದ ಪರಲೋಕದ ಗ್ರಹಗಳ ಸಂಖ್ಯೆ 2025ರಲ್ಲಿ 6,000ವನ್ನು ದಾಟಿತು. ನಕ್ಷತ್ರಕ್ಕೆ ಗ್ರಹವಿರುವುದು ವಿರಳವಲ್ಲ, ಅದೇ ವಾಡಿಕೆ ಎಂಬುದು ಇದರಿಂದ ಸ್ಥಿರಪಟ್ಟಿತು. ಡ್ರೇಕನ ಎರಡನೆಯ ಸಂಖ್ಯೆ ಹೀಗೆ ಕೈಗೆ ಬಂದಿದೆ. ಮೂರನೆಯದು ಬರುವ ಹಾದಿಯಲ್ಲಿದೆ. ಒಂದು ತಲೆಮಾರಿನ ಅವಧಿಯಲ್ಲಿ ಇಷ್ಟಾದದ್ದು ಸಾಮಾನ್ಯವಾದ ಸಾಧನೆಯಲ್ಲ.

ನಾಲ್ಕನೆಯ ಸಂಖ್ಯೆಯ ಬಳಿ ಬಂದಾಗ ಮಾತ್ರ ವಿಜ್ಞಾನವು ನಿಲ್ಲಬೇಕಾಗುತ್ತದೆ. ಕಾರಣವೆಂದರೆ ಜೀವ ಹುಟ್ಟಿರುವ ನಿದರ್ಶನ ತಿಳಿದಿರುವುದು ಒಂದೇ ಒಂದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಗೃಹಿಣಿಯು ಒಂದು ಅಗುಳನ್ನು ಹಿಸುಕಿ ನೋಡುತ್ತಾಳೆ. ಅದು ಬೆಂದಿದ್ದರೆ ಉಳಿದವೂ ಬೆಂದಿವೆಯೆಂದು ಪಾತ್ರೆಯನ್ನು ಇಳಿಸುತ್ತಾಳೆ. ಅವಳ ತೀರ್ಮಾನ ಸರಿಯಾಗುವುದು ಆ ಅಗುಳುಗಳೆಲ್ಲವೂ ಒಂದೇ ಪಾತ್ರೆಯಲ್ಲಿ, ಒಂದೇ ಉರಿಯ ಮೇಲೆ, ಒಂದೇ ಹೊತ್ತು ಇದ್ದವೆಂಬುದು ಅವಳಿಗೆ ತಿಳಿದಿರುವುದರಿಂದ. ಭೂಮಿಯೆಂಬ ಅಗುಳೊಂದು ಬೆಂದಿದೆ. ಉಳಿದ ಲೋಕಗಳೂ ಅದೇ ಪಾತ್ರೆಯಲ್ಲಿದ್ದವೇ ಎಂಬುದು ತಿಳಿಯದು. ಅಷ್ಟೇ ಅಲ್ಲದೆ, ಈ ಅಗುಳನ್ನು ಆರಿಸಿ ತೆಗೆದದ್ದೂ ಅಲ್ಲ. ಜೀವ ಹುಟ್ಟದಿದ್ದ ಲೋಕದಲ್ಲಿ ಪ್ರಶ್ನೆ ಕೇಳುವವನೇ ಇರುವುದಿಲ್ಲವಾದ್ದರಿಂದ, ಕೇಳುವವನು ಬೆಂದ ಅಗುಳಿನ ಮೇಲೆಯೇ ಕುಳಿತಿರಬೇಕಾದದ್ದು ಅನಿವಾರ್ಯ.

ಭೂಮಿಯ ಇತಿಹಾಸವಾದರೂ ಒಂದೇ ದಿಕ್ಕಿಗೆ ಬೆರಳು ತೋರಿಸುವುದಿಲ್ಲ. ಭೂಮಿ ರೂಪುಗೊಂಡು ಸುಮಾರು 454 ಕೋಟಿ ವರ್ಷಗಳಾದವು. ಕಡಿಮೆಯೆಂದರೂ ಸುಮಾರು 350 ಕೋಟಿ ವರ್ಷಗಳ ಹಿಂದೆಯೇ ಇಲ್ಲಿ ಜೀವವಿತ್ತೆಂದು ಪಶ್ಚಿಮ ಆಸ್ಟ್ರೇಲಿಯಾದ ಶಿಲೆಗಳು ಹೇಳುತ್ತವೆ. ಇಂತಹ ಸಾಕ್ಷ್ಯಕ್ಕಾಗಿ ಪರದೇಶಕ್ಕೇ ಹೋಗಬೇಕಾಗಿಲ್ಲ. ಧಾರವಾಡದ ಹೆಸರನ್ನು ಹೊತ್ತು ಜಗತ್ತಿನ ಭೂವಿಜ್ಞಾನ ಗ್ರಂಥಗಳನ್ನು ಸೇರಿರುವ ಶಿಲಾಸಮೂಹದಲ್ಲಿ, ಚಿತ್ರದುರ್ಗದ ಪಟ್ಟಿಯಲ್ಲಿ, 250 ಕೋಟಿ ವರ್ಷಗಳಿಗೂ ಹಿಂದಿನ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ರಚನೆಗಳು ಕಲ್ಲಾಗಿ ಉಳಿದಿವೆ. ಬಾಗಲಕೋಟೆ ಜಿಲ್ಲೆಯ ಕಲಾದಗಿ ಪ್ರದೇಶದ ಸುಣ್ಣಕಲ್ಲುಗಳಲ್ಲಿಯೂ ಅದಕ್ಕಿಂತ ಈಚಿನ ಕಾಲದ ಅಂತಹ ರಚನೆಗಳಿವೆ. ಸ್ಟ್ರೊಮಾಟೊಲೈಟ್ ಎಂದು ಅವುಗಳ ಹೆಸರು. ಹೊಲದ ಬದುವಿಗೆ ಇಟ್ಟ ಕಲ್ಲು ಎಷ್ಟು ಹಳೆಯ ಕಥೆಯನ್ನು ಹೊತ್ತಿರಬಹುದೆಂಬುದನ್ನು ಆ ಭಾಗದ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಅರಿತಿದ್ದಾರೆ?

ಜೀವವು ಬೇಗನೆ ಹುಟ್ಟಿತೆಂಬುದರಿಂದ ಅದು ಸುಲಭವಾಗಿ ಹುಟ್ಟುತ್ತದೆಂದು ಕೆಲವರು ವಾದಿಸುತ್ತಾರೆ. ಆದರೆ ಹುಟ್ಟಿದ ಮೇಲೆ ಅದು ನೂರು ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಅತಿ ಸರಳವಾದ ಏಕಕೋಶಜೀವಿಯಾಗಿಯೇ ಉಳಿಯಿತು. ಪ್ರಾಣಿಗಳು ಕಾಣಿಸಿಕೊಂಡು ಸುಮಾರು 60 ಕೋಟಿ ವರ್ಷಗಳಷ್ಟೇ ಆದವು. 6.6 ಕೋಟಿ ವರ್ಷಗಳ ಹಿಂದೆ ಬಾಹ್ಯಾಕಾಶದಿಂದ ಬಂದೆರಗಿದ ಬಂಡೆಯೊಂದು ದೈತ್ಯೋರಗಗಳ ಆಳ್ವಿಕೆಯನ್ನು ಮುಗಿಸದಿದ್ದರೆ ಸಸ್ತನಿಗಳಿಗೆ ಅವಕಾಶ ದೊರೆಯುತ್ತಿತ್ತೋ ಇಲ್ಲವೋ. ಈ ನೆಲದ ಮೇಲೆ ಬಾಳಿ ಅಳಿದ ಅಸಂಖ್ಯ ಜೀವಪ್ರಭೇದಗಳಲ್ಲಿ ರೇಡಿಯೋ ಯಂತ್ರವನ್ನು ಕಟ್ಟಿದ್ದು ಒಂದೇ. ಅದೂ ಕಳೆದ ನೂರಮೂವತ್ತು ವರ್ಷಗಳ ಈಚೆಗೆ. ಆದುದರಿಂದ ಜೀವವಿದೆ ಎನ್ನುವುದೂ ಬುದ್ಧಿಯುಳ್ಳ ಜೀವವಿದೆ ಎನ್ನುವುದೂ ಒಂದೇ ಮಾತಲ್ಲ.

1950ರಲ್ಲಿ ಎನ್ರಿಕೊ ಫರ್ಮಿ ಎಂಬ ಮಹಾವಿಜ್ಞಾನಿಯು ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಅಷ್ಟೊಂದು ಲೋಕಗಳಿದ್ದರೆ ಆ ಲೋಕದವರೆಲ್ಲ ಎಲ್ಲಿ ಎಂದು ತನ್ನ ಸಂಗಡಿಗರನ್ನು ಕೇಳಿದನು. ಆ ಪ್ರಶ್ನೆಗೆ ಇಂದಿಗೂ ಎಲ್ಲರೂ ಒಪ್ಪುವ ಉತ್ತರವಿಲ್ಲ. ಆದರೆ ಮೌನವನ್ನೇ ಇಲ್ಲವೆಂಬುದಕ್ಕೆ ಪ್ರಮಾಣವಾಗಿ ಹಿಡಿಯುವುದೂ ದುಡುಕು. ಭೂಮಿಯಿಂದ ಹೊರಟ ರೇಡಿಯೋ ಅಲೆಗಳು ಈವರೆಗೆ ಸುಮಾರು ನೂರು ಬೆಳಕಿನ ವರ್ಷಗಳಷ್ಟು ದೂರ ಹೋಗಿರಬಹುದು. ಆಕಾಶಗಂಗೆಯ ಅಡ್ಡಳತೆ ಅದರ ಸಾವಿರ ಪಾಲು. ನಡುರಾತ್ರಿ ಮನೆಯ ಕದ ತೆರೆದು ಕ್ಷಣಕಾಲ ಕಿವಿಗೊಟ್ಟು, ಸದ್ದೇನೂ ಇಲ್ಲವೆಂದು, ನಾಡಿನಲ್ಲಿಯೇ ಜನರಿಲ್ಲವೆಂದು ತೀರ್ಮಾನಿಸುವವನ ಸ್ಥಿತಿ ಇದು.

ಆತುರದ ತೀರ್ಮಾನಗಳಿಂದ ಈ ವಿದ್ಯೆಗೆ ಆದ ಪೆಟ್ಟುಗಳು ಕಡಿಮೆಯಲ್ಲ. 1877ರಲ್ಲಿ ಇಟಲಿಯ ಸ್ಕಿಯಾಪರೆಲ್ಲಿಯು ಮಂಗಳನ ಮೇಲೆ ಗೆರೆಗಳನ್ನು ಕಂಡೆನೆಂದನು. ಪರ್ಸಿವಲ್ ಲೋವೆಲ್ ಎಂಬ ಅಮೆರಿಕದ ಧನಿಕನು ಅವುಗಳನ್ನು ಬುದ್ಧಿವಂತರು ತೋಡಿದ ಕಾಲುವೆಗಳೆಂದು ನಂಬಿ, ಸ್ವಂತ ಹಣದಿಂದ 1894ರಲ್ಲಿ ವೀಕ್ಷಣಾಲಯವನ್ನೇ ಕಟ್ಟಿಸಿ, ಗ್ರಂಥಗಳನ್ನು ಬರೆದನು. 1965ರ ಜುಲೈನಲ್ಲಿ ಮ್ಯಾರಿನರ್-4 ನೌಕೆಯು ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ಕಾಲುವೆಗಳಿರಲಿಲ್ಲ. ಕುಳಿಗಳಿಂದ ತುಂಬಿದ ಬರಡು ನೆಲವಿತ್ತು. 1976ರಲ್ಲಿ ಎರಡು ವೈಕಿಂಗ್ ನೌಕೆಗಳು ಮಂಗಳನ ಮಣ್ಣನ್ನು ಪರೀಕ್ಷಿಸಿದಾಗ ಒಂದು ಪ್ರಯೋಗದ ಫಲಿತಾಂಶ ಆಸೆ ಹುಟ್ಟಿಸಿತು. ಉಳಿದವು ಅದನ್ನು ಸಮರ್ಥಿಸಲಿಲ್ಲ. 1996ರಲ್ಲಿ ಅಂಟಾರ್ಕ್ಟಿಕದಲ್ಲಿ ದೊರೆತಿದ್ದ ಮಂಗಳನ ಉಲ್ಕಾಶಿಲೆಯೊಂದರಲ್ಲಿ ಸೂಕ್ಷ್ಮಜೀವಿಗಳ ಕುರುಹು ಇದೆಯೆಂದು ಸಾರಲಾಯಿತು. ಹೆಚ್ಚಿನ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್ಜಿನ ನಿಕ್ಕು ಮಧುಸೂದನ್ ಅವರ ತಂಡವು 124 ಬೆಳಕಿನ ವರ್ಷ ದೂರದ ಗ್ರಹವೊಂದರ ವಾತಾವರಣದಲ್ಲಿ, ಭೂಮಿಯಲ್ಲಿ ಜೀವಿಗಳು ಉಂಟುಮಾಡುವ ಅನಿಲವೊಂದರ ಸುಳಿವು ಸಿಕ್ಕಿದೆಯೆಂದು ಪ್ರಕಟಿಸಿದಾಗ, ಅದೇ ದತ್ತಾಂಶವನ್ನು ಪುನಃ ಪರಿಶೀಲಿಸಿದ ಇತರರು ಪುರಾವೆ ಸಾಲದೆಂದರು.

ಇವುಗಳನ್ನು ಸೋಲುಗಳೆಂದು ಎಣಿಸುವುದು ತಪ್ಪು. ಲೋವೆಲ್ ಕಟ್ಟಿಸಿದ ವೀಕ್ಷಣಾಲಯದಲ್ಲಿಯೇ 1930ರಲ್ಲಿ ಪ್ಲೂಟೋ ಪತ್ತೆಯಾಯಿತು. ಒಬ್ಬನು ಕಂಡೆನೆಂದುದನ್ನು ಹತ್ತು ಮಂದಿ ಪರೀಕ್ಷಿಸುವುದು, ಪುರಾವೆ ಸಾಲದಿದ್ದರೆ ಎಷ್ಟೇ ಪ್ರಿಯವಾದ ನಂಬಿಕೆಯನ್ನಾದರೂ ಕೆಳಗಿಡುವುದು, ಇದೇ ವಿಜ್ಞಾನದ ಶೀಲ. ವಿಸ್ಮಯಕ್ಕೆ ಈ ಶೀಲದ ಕಟ್ಟು ಇಲ್ಲವಾದರೆ ಅದು ಮೂಢನಂಬಿಕೆಯ ಕಡೆಗೆ ಹರಿಯುತ್ತದೆ. ಹಾರುವ ತಟ್ಟೆಗಳ ಕಥೆಗಳು ಹುಟ್ಟುವುದು ಹಾಗೆ. ಆಧುನಿಕ ವಿಜ್ಞಾನವು ಈಗ ಹೇಳುತ್ತಿರುವುದೆಲ್ಲವೂ ಹಿಂದಿನವರಿಗೆ ಗೊತ್ತಿತ್ತೆಂಬ ಹೆಮ್ಮೆಯ ಮಾತುಗಳು ಹುಟ್ಟುವುದೂ ಹಾಗೆಯೇ. ಲೋಕಗಳು ಅನೇಕವಿರಬಹುದೆಂದು ಪ್ರಾಚೀನರು ಭಾವಿಸಿದ್ದುಂಟು. ಆ ಭಾವನೆಯ ಔನ್ನತ್ಯ ಗೌರವಾರ್ಹವಾದುದು. ಆದರೆ ಭಾವನೆ ಬೇರೆ, ನಿದರ್ಶನ ಬೇರೆ. ಪೂರ್ವಿಕರು ಹೇಳದೆ ಇದ್ದುದನ್ನು ಅವರ ಬಾಯಲ್ಲಿ ಇರಿಸುವುದರಿಂದ ಅವರ ಗೌರವ ಹೆಚ್ಚುವುದಿಲ್ಲ.

ಇಷ್ಟಾದ ಮೇಲೆ ಶಾಲೆಯ ಮಾತಿಗೆ ಬರಬಹುದು. ಇಂದಿನ ವಿದ್ಯಾಭ್ಯಾಸದಲ್ಲಿ ಪ್ರಶ್ನೆಯೆಂದರೆ ಉತ್ತರವಿರುವ ಪ್ರಶ್ನೆ. ಉತ್ತರವೆಂದರೆ ಅಂಕಕ್ಕೆ ತಕ್ಕಷ್ಟು ಸಾಲುಗಳು. ಹತ್ತು ವರ್ಷ ಹೀಗೆ ಕಲಿತ ವಿದ್ಯಾರ್ಥಿಯು ಜಗತ್ತಿನಲ್ಲಿ ತಿಳಿಯಬೇಕಾದುದೆಲ್ಲವೂ ತಿಳಿದು ಮುಗಿದಿದೆ, ತನಗೆ ಉಳಿದಿರುವುದು ಬಾಯಿಪಾಠದ ಕೆಲಸ ಮಾತ್ರ ಎಂದು ಭಾವಿಸಿದರೆ ತಪ್ಪು ಅವನದಲ್ಲ. ಉಪಾಧ್ಯಾಯರಲ್ಲಿಯೂ, ತಿಳಿಯದು ಎಂಬ ಮಾತು ಬಾಯಿಂದ ಬಂದರೆ ತರಗತಿಯಲ್ಲಿ ಗೌರವ ಕುಂದೀತೆಂಬ ಅಂಜಿಕೆ ಇರುವುದುಂಟು. ನನಗೆ ತಿಳಿಯದು ಎನ್ನುವುದಕ್ಕೂ ಇದು ಇನ್ನೂ ಯಾರಿಗೂ ತಿಳಿಯದು ಎನ್ನುವುದಕ್ಕೂ ಇರುವ ಅಂತರವನ್ನು ಬಾಲಕನು ಒಮ್ಮೆ ಕಂಡುಕೊಂಡನೆಂದರೆ, ಓದು ಅವನ ಪಾಲಿಗೆ ಬೇರೆಯೇ ಆಗುತ್ತದೆ. ಮೊದಲನೆಯದನ್ನು ಪುಸ್ತಕದಿಂದ ತುಂಬಿಕೊಳ್ಳಬಹುದು. ಎರಡನೆಯದು ಅವನ ಕೈಗಾಗಿ ಕಾದಿರುವ ಕೆಲಸ.

ಡ್ರೇಕನ ಸಮೀಕರಣವನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಲ್ಲನು. ಅದರಲ್ಲಿರುವುದು ಗುಣಾಕಾರ ಮಾತ್ರ. ಉದಾಹರಣೆಗಾಗಿ, ವರ್ಷಕ್ಕೆ 2 ನಕ್ಷತ್ರಗಳು ಹುಟ್ಟುತ್ತವೆ, ಎಲ್ಲಕ್ಕೂ ಗ್ರಹಗಳಿವೆ, ಹತ್ತು ನಕ್ಷತ್ರಗಳಿಗೆ ಒಂದರಂತೆ ಅನುಕೂಲವಾದ ಗ್ರಹವಿದೆ, ನಾಗರಿಕತೆಯೊಂದು 10,000 ವರ್ಷ ಬಾಳುತ್ತದೆ ಎಂದು ಇಟ್ಟುಕೊಳ್ಳಲಿ. ನಡುವಿನ ಮೂರು ತಿಳಿಯದ ಸಂಖ್ಯೆಗಳನ್ನು, ಎಂದರೆ ಜೀವ, ಬುದ್ಧಿ, ಸಂಕೇತಶಕ್ತಿಗಳ ಸಂಖ್ಯೆಗಳನ್ನು, ಒಂದೊಂದು ಎಂದು ಹಿಡಿದರೆ ಆಕಾಶಗಂಗೆಯಲ್ಲಿ 2,000 ನಾಗರಿಕತೆಗಳಿರಬೇಕಾಗುತ್ತದೆ. ಅದೇ ಮೂರನ್ನು ಸಾವಿರಕ್ಕೆ ಒಂದರಂತೆ ಹಿಡಿದರೆ, ಒಂದೇ ಒಂದು ನಾಗರಿಕತೆಯನ್ನು ಕಾಣಲು ಇಂತಹ 5 ಲಕ್ಷ ಆಕಾಶಗಂಗೆಗಳನ್ನು ಹುಡುಕಬೇಕಾಗುತ್ತದೆ. ಎರಡು ಲೆಕ್ಕಗಳೂ ಸರಿಯೇ. ಅವುಗಳ ನಡುವಿನ ಅಂತರವೇ ಮನುಷ್ಯನ ಅಜ್ಞಾನದ ಅಳತೆ. ಅರ್ಧ ತಾಸಿನ ಈ ಲೆಕ್ಕದಿಂದ ವಿದ್ಯಾರ್ಥಿಯು ಕಲಿಯುವ ವಿನಯವನ್ನು ಹತ್ತು ಉಪದೇಶಗಳು ಕಲಿಸಲಾರವು.

ಲೆಕ್ಕದ ಜೊತೆಗೆ ಕಣ್ಣಿಗೂ ಆಹಾರ ಬೇಕು. ಪಟ್ಟಣಗಳ ಆಕಾಶವನ್ನು ದೀಪಗಳು ನುಂಗಿವೆ. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಗೋಳಭೌತ ವಿಜ್ಞಾನ ಸಂಸ್ಥೆಯ ವೀಕ್ಷಣಾಲಯವಿದ್ದು, ಅಲ್ಲಿನ ದೂರದರ್ಶಕವನ್ನು ಹೊಸಕೋಟೆಯಿಂದ ನಡೆಸಲಾಗುತ್ತದೆ. ಅಲ್ಲಿನ ಕತ್ತಲೆಯನ್ನು ಕಾಪಾಡಲು ಆ ಪ್ರದೇಶವನ್ನು 2022ರಲ್ಲಿ ರಕ್ಷಿತ ಕತ್ತಲೆಯ ಆಕಾಶವೆಂದು ಘೋಷಿಸಬೇಕಾಯಿತು. ಕತ್ತಲೆಯನ್ನೂ ಕಾನೂನಿನಿಂದ ಕಾಯಬೇಕಾದ ಕಾಲ ಬಂದಿದೆ. ಗ್ರಾಮಾಂತರದ ಶಾಲೆಗಳಿಗೂ ವಿದ್ಯಾರ್ಥಿ ನಿಲಯಗಳಿಗೂ ಮಾತ್ರ ಆ ಸಂಪತ್ತು ಇನ್ನೂ ಸ್ವಲ್ಪಮಟ್ಟಿಗೆ ಉಳಿದಿದೆ. ತಿಂಗಳಿಗೊಮ್ಮೆ ಅಮಾವಾಸ್ಯೆಯ ಸುಮಾರಿನಲ್ಲಿ ಒಂದು ತಾಸು ಆವರಣದ ದೀಪಗಳನ್ನು ಆರಿಸಿ ಮಕ್ಕಳನ್ನು ಬಯಲಿಗೆ ಕರೆತರಲು ಯಾವ ಮಂಜೂರಾತಿಯೂ ಬೇಕಾಗಿಲ್ಲ.

ಈ ಸಂದರ್ಭದಲ್ಲಿ ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಒಂದು ಮಾತು ಸಲ್ಲುತ್ತದೆ. ಕೊಠಡಿಗಳನ್ನು ಕಟ್ಟಿಸಿ ಗೋಡೆಗೆ ಕಲ್ಲು ಹಾಕಿಸುವ ಔದಾರ್ಯದಿಂದಲೇ ನಾಡಿನ ಅನೇಕ ಶಾಲೆಗಳು ನಿಂತಿವೆ. ಆ ಋಣ ಸಣ್ಣದಲ್ಲ. ಆದರೆ ಒಂದು ಕೊಠಡಿಗೆ ಆಗುವ ವೆಚ್ಚದ ಅಲ್ಪಾಂಶದಲ್ಲಿ ಉತ್ತಮವಾದ ಸಣ್ಣ ದೂರದರ್ಶಕವೊಂದು ಬರುತ್ತದೆ. ಅದರಲ್ಲಿ ಶನಿಯ ಬಳೆ ಕಾಣುತ್ತದೆ. 1610ರಲ್ಲಿ ಗೆಲಿಲಿಯೋ ಕಂಡ ಗುರುವಿನ ನಾಲ್ಕು ಚಂದ್ರರು ಕಾಣುತ್ತಾರೆ. ಆ ನಾಲ್ವರಲ್ಲಿ ಒಂದಾದ ಯೂರೋಪಾದ ಹಿಮದ ಚಿಪ್ಪಿನ ಕೆಳಗೆ ಉಪ್ಪುನೀರಿನ ಸಾಗರವಿದೆಯೆಂಬುದಕ್ಕೆ ಬಲವಾದ ಆಧಾರಗಳಿವೆ. ಅಲ್ಲಿನ ಪರಿಸ್ಥಿತಿಯು ಜೀವಕ್ಕೆ ಅನುಕೂಲವೇ ಎಂದು ನೋಡಲು ಯೂರೋಪಾ ಕ್ಲಿಪ್ಪರ್ ಎಂಬ ನೌಕೆ 2024ರ ಅಕ್ಟೋಬರ್‌ನಲ್ಲಿ ಹೊರಟಿದೆ. ಅದು 2030ರಲ್ಲಿ ಗುರುವನ್ನು ಮುಟ್ಟಬೇಕಾಗಿದೆ. ಶಾಲೆಯ ಅಂಗಳದಲ್ಲಿ ಆ ಚುಕ್ಕೆಯನ್ನು ಸ್ವಂತ ಕಣ್ಣಿನಿಂದ ನೋಡಿದ ಬಾಲಕಿಗೆ, ಮುಂದೆ ಅಲ್ಲಿಂದ ವಾರ್ತೆ ಬಂದ ದಿನ ಅದು ಪರದೇಶದ ಸುದ್ದಿಯಾಗಿ ತೋರದು; ತಾನು ಕಂಡ ಊರಿನ ಸುದ್ದಿಯಾಗಿ ತೋರುತ್ತದೆ. ಆ ಕೆಲಸಕ್ಕೆ ಕೈಹಚ್ಚುವವರಲ್ಲಿ ಅವಳೂ ಒಬ್ಬಳಾಗಬಹುದು.

ಡ್ರೇಕನ ಏಳನೆಯ ಸಂಖ್ಯೆಯ ಮಾತು ಉಳಿದಿದೆ. ನಾಗರಿಕತೆಯೊಂದು ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಯಾವ ದೂರದರ್ಶಕದಿಂದಲೂ ನೋಡಿ ತಿಳಿಯಬೇಕಾಗಿಲ್ಲ. ಭೂಮಿಯ ಮಟ್ಟಿಗೆ ಅದನ್ನು ಬರೆಯುವವರು ಮನುಷ್ಯರೇ. 1961ರಲ್ಲಿ ಅಣ್ವಸ್ತ್ರಗಳ ಭಯ ಜಗತ್ತನ್ನು ಕವಿದಿತ್ತು. ಇಂದು ಅದರ ಜೊತೆಗೆ ಕಾಯುತ್ತಿರುವ ಗಾಳಿ, ಬತ್ತುತ್ತಿರುವ ನೀರು, ಅಳಿಯುತ್ತಿರುವ ಜೀವಪ್ರಭೇದಗಳ ಚಿಂತೆಯೂ ಸೇರಿದೆ. ವಿಶ್ವದಲ್ಲಿ ಜೀವವು ಹೇರಳವಾಗಿದ್ದರೂ ಇಲ್ಲಿನದು ಅಳಿದರೆ ಮರಳಿ ಬಾರದು. ವಿಶ್ವದಲ್ಲೆಲ್ಲ ಇದೊಂದೇ ಆಗಿದ್ದರಂತೂ ಇದನ್ನು ಉಳಿಸಿಕೊಳ್ಳುವ ಹೊಣೆಗೆ ಮಿತಿಯಿಲ್ಲ. ಉತ್ತರ ಯಾವುದೇ ಬಂದರೂ ಕರ್ತವ್ಯ ಬದಲಾಗದು. ಆ ಕರ್ತವ್ಯವನ್ನು ಹೊರುವವರು ಇಂದು ತರಗತಿಗಳಲ್ಲಿ ಕುಳಿತಿದ್ದಾರೆ.

1977ರಲ್ಲಿ ಹಾರಿಬಿಟ್ಟ ಎರಡು ವಾಯೇಜರ್ ನೌಕೆಗಳಲ್ಲಿ ಒಂದೊಂದು ಚಿನ್ನದ ಲೇಪದ ಧ್ವನಿಮುದ್ರಿಕೆಯನ್ನು ಇರಿಸಲಾಗಿದೆ. ಅದರಲ್ಲಿ 55 ಭಾಷೆಗಳಲ್ಲಿ ಭೂಮಿಯವರ ವಂದನೆಗಳಿವೆ. ಆ ಭಾಷೆಗಳಲ್ಲಿ ಕನ್ನಡವೂ ಒಂದು. ವಾಯೇಜರ್-1 2012ರಲ್ಲಿ ಸೂರ್ಯನ ಪ್ರಭಾವದ ಎಲ್ಲೆಯನ್ನು ದಾಟಿ ನಕ್ಷತ್ರಗಳ ನಡುವಿನ ಬಯಲನ್ನು ಹೊಕ್ಕಿತು. ಅದು ಇನ್ನೊಂದು ನಕ್ಷತ್ರದ ಸನಿಹದಲ್ಲಿ ಹಾದುಹೋಗಲು ಸುಮಾರು 40,000 ವರ್ಷಗಳು ಬೇಕು. ಕೇಳುವವರು ಇದ್ದಾರೆಂದು ಅದನ್ನು ಇರಿಸಿದವರಿಗೆ ತಿಳಿದಿರಲಿಲ್ಲ, ಇಲ್ಲವೆಂದೂ ತಿಳಿದಿರಲಿಲ್ಲ. ತಿಳಿಯದೆಂಬುದನ್ನು ಒಪ್ಪಿಕೊಂಡೇ ಅವರು ವಂದನೆ ಹೇಳಿ ಕಳಿಸಿದರು. ಮಾಳಿಗೆಯ ಮೇಲೆ ಮಲಗಿ ಅಲ್ಲಿ ಯಾರಿದ್ದಾರೆ ಎಂದು ಕೇಳುವ ಮಗುವಿಗೆ ಹಿರಿಯರೂ ಉಪಾಧ್ಯಾಯರೂ ಕೊಡಬಹುದಾದ ಉತ್ತರ ಅದೇ: ಇನ್ನೂ ಯಾರಿಗೂ ತಿಳಿಯದು, ಮಗು, ಹುಡುಕುತ್ತಿದ್ದಾರೆ, ನೀನೂ ಹುಡುಕಬಹುದು.